‘ಇಇಜಿ ನಾರ್ಮಲ್ ಬಂದಿದೆ, ಹಾಗಾದರೆ ಅಲ್ಝೈಮರ್ ಇಲ್ಲ ಅಲ್ವಾ?’

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ಒಂದೂವರೆ ವರ್ಷದಿಂದ ಮರೆವು ಜಾಸ್ತಿಯಾಗಿದೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಇಇಜಿ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಹಾಗಾದರೆ ಅಲ್ಝೈಮರ್ ಅಲ್ಲ, ವಯಸ್ಸಿನ ಅರಳು ಮರಳು ಅಷ್ಟೇ ಅಲ್ವಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಇಇಜಿ ರೂಮಿನ ಬಾಗಿಲಲ್ಲಿ ನಿಂತು ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಗೆ ತಂತಿ ಅಂಟಿಸಿ ಗೆರೆ ಹಿಡಿಯುವುದು ನನ್ನ ಕೆಲಸ. ರಿಪೋರ್ಟ್ ಬರೆಯುವವರು ಡಾಕ್ಟರು. ಆದರೆ ಆ ‘ನಾರ್ಮಲ್’ ಎಂಬ ಪದ ಮನೆಗೆ ಹೋದ ಮೇಲೆ ಏನಾಗುತ್ತದೆ ಅಂತ ನೋಡಿದ್ದೇನೆ. ಅದಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇಇಜಿಯಲ್ಲಿ ನಾವು ತಲೆಗೆ ಕರೆಂಟ್ ಕೊಡುವುದಿಲ್ಲ. ಮೆದುಳೇ ಹುಟ್ಟಿಸುವ ಕರೆಂಟನ್ನು ಹೊರಗಿನಿಂದ ಅಳೆಯುತ್ತೇವೆ, ಅಷ್ಟೇ.

ಆ ಕರೆಂಟ್ ಎಷ್ಟು ಸಣ್ಣದು ಗೊತ್ತಾ? ನೆತ್ತಿಯ ಮೇಲೆ ಸಿಗುವುದು ಸುಮಾರು 50 ಮೈಕ್ರೊವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿರುವುದರ 30,000ದಲ್ಲಿ ಒಂದು ಪಾಲು. ಅದೂ ಮೆದುಳಿನ ಮೇಲ್ಪದರದ ಲಕ್ಷಗಟ್ಟಲೆ ನರಕೋಶಗಳು ಒಟ್ಟಿಗೆ ಮಿಡಿದರೆ ಮಾತ್ರ. ನಡುವೆ ತಲೆಬುರುಡೆ ಬೇರೆ ಅಡ್ಡ ಇದೆ. ಈಗ ಅಲ್ಝೈಮರ್ ಎಲ್ಲಿಂದ ಶುರುವಾಗುತ್ತದೆ ನೋಡಿ. ಸಾಮಾನ್ಯವಾಗಿ ಹಿಪ್ಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕದಿಂದ. ಹೊಸ ನೆನಪು ಕೂಡಿಡುವ ಜಾಗ ಅದು. ಕಿವಿಯ ನೇರಕ್ಕೆ, ಮೆದುಳಿನ ಆಳದಲ್ಲಿದೆ. ಪಕ್ಕದ ಬೀದಿಯ ಮನೆಯೊಳಗಿನ ಪಿಸುಮಾತು ನಮ್ಮ ಜಗಲಿಗೆ ಕೇಳಿಸುತ್ತದೆಯೇ? ಹಾಗೆಯೇ ಇದೂ. ರೋಗ ಹೊಕ್ಕು ವರ್ಷಗಳಾಗಿದ್ದರೂ ನೆತ್ತಿಯ ಮೇಲಿನ ಗೆರೆ ಅಂದವಾಗಿಯೇ ಇರಬಹುದು.

ಎರಡನೆಯ ಕಾರಣ ಇನ್ನೂ ಮುಖ್ಯ. ನಾನು ಅಮ್ಮನವರಿಗೆ ‘ಕಣ್ಣು ಮುಚ್ಚಿ, ನಿದ್ದೆ ಮಾಡಬೇಡಿ’ ಅನ್ನುತ್ತೇನಲ್ಲ, ಆಗ ತಲೆಯ ಹಿಂಭಾಗದಲ್ಲಿ ಒಂದು ಹದವಾದ ಅಲೆ ಬರುತ್ತದೆ. ಅದಕ್ಕೆ ಆಲ್ಫಾ ಅನ್ನುತ್ತಾರೆ. ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಇಇಜಿಯ ಬಗ್ಗೆ ಮೊದಲ ಸಲ ಬರೆದಾಗ ವಿವರಿಸಿದ್ದು ಇದನ್ನೇ. ಆಲ್ಫಾ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುತ್ತದೆ. ಅಲ್ಝೈಮರ್‌ನಲ್ಲಿ ಈ ಓಟ ನಿಧಾನವಾಗುತ್ತಾ ಬರುತ್ತದೆ. ಮೊದಲು 4ರಿಂದ 8ರೊಳಗಿನ ಥೀಟಾ ಅಲೆ ಹೆಚ್ಚುತ್ತದೆ. ರೋಗ ಬಲಿತ ಮೇಲೆ 4ಕ್ಕಿಂತ ಕೆಳಗಿನ ಡೆಲ್ಟಾ ಕೂಡ.

ನಿಮ್ಮ ಅಮ್ಮನ ಅಲೆ 50ನೇ ವಯಸ್ಸಿನಲ್ಲಿ 11 ಇತ್ತು ಅಂದುಕೊಳ್ಳಿ. ಈಗ ಎಂಟೂವರೆಗೆ ಇಳಿದಿದೆ. ಅವರ ಮಟ್ಟಿಗೆ ಅದು ದೊಡ್ಡ ಇಳಿತ. ಆದರೆ ಎಂಟೂವರೆ ಇನ್ನೂ ಗಡಿಯ ಒಳಗೇ ಇದೆ. ಡಾಕ್ಟರು ನಾರ್ಮಲ್ ಅಂತಲೇ ಬರೆಯುತ್ತಾರೆ, ಅವರ ತಪ್ಪೇನೂ ಇಲ್ಲ. ಹೋಲಿಸಿ ನೋಡಲು ಹಳೆಯ ಇಇಜಿ ಯಾರ ಬಳಿ ಇರುತ್ತದೆ?

ಅಬ್‌ನಾರ್ಮಲ್ ಅಂತ ಬಂದರೂ ಅಲ್ಝೈಮರ್ ಖಾತ್ರಿಯಲ್ಲ. ಥೈರಾಯ್ಡ್ ಕಡಿಮೆಯಾದರೆ, ಸೋಡಿಯಂ ಇಳಿದರೆ, ಲಿವರ್ ಅಥವಾ ಕಿಡ್ನಿ ಕೆಟ್ಟರೆ ಅಲೆ ನಿಧಾನವಾಗಬಹುದು. ಸುಮ್ನೆ ತೂಕಡಿಸಿದರೂ ಥೀಟಾ ಬರುತ್ತದೆ. ನಾನು ಮಧ್ಯೆ ಮಧ್ಯೆ ಅಮ್ಮನವರನ್ನು ಮಾತಾಡಿಸುವುದು ಅದಕ್ಕೇ. ಎಷ್ಟೋ ಮಕ್ಕಳು ‘ಮಲಗಲಿ ಬಿಡಿ ಪಾಪ’ ಅನ್ನುತ್ತಾರೆ. ಬೇಡ. ಎಚ್ಚರದ ಒಳ್ಳೆಯ ಗೆರೆ ಹಿಡಿಯುವುದರಲ್ಲೇ ನಮ್ಮ ಕೆಲಸದ ಹೆಮ್ಮೆ ಇರುವುದು.

ಹಾಗಾದರೆ ಡಾಕ್ಟರು ಇಇಜಿ ಬರೆಸಿದ್ದೇಕೆ? ಮರೆವಿನ ಹಿಂದೆ ಬೇರೆ ಏನಾದರೂ ಇದೆಯೇ ಎಂದು ನೋಡಲು. ಕ್ರಾಯ್ಟ್ಸ್‌ಫೆಲ್ಟ್–ಯಾಕೊಬ್ ಎಂಬ ರೋಗದಲ್ಲಿ ಮರೆವು ವಾರಗಳಲ್ಲೇ ವಿಪರೀತವಾಗುತ್ತದೆ. ಅಲ್ಲಿ ಸುಮಾರು ಸೆಕೆಂಡಿಗೊಂದರಂತೆ ಚೂಪು ಅಲೆಗಳು ಕಾಣಬಹುದು. ರೋಗಿ ಇಲ್ಲದ್ದನ್ನು ಕಂಡೆ ಎನ್ನುವ, ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಇನ್ನೊಂದು ಮರೆವಿನ ರೋಗದಲ್ಲಿ ಹಿಂಭಾಗದ ಅಲೆ ಬೇಗನೇ ನಿಧಾನವಾಗಿ, ಏರುಪೇರಾಗುತ್ತದೆ. ಇಂಥವನ್ನು ಬೇರೆ ಮಾಡಲು ಇಇಜಿ ನೆರವಾಗುತ್ತದೆ. ಅಲ್ಝೈಮರ್‌ಗೆ ಮಾತ್ರ ನೆನಪಿನ ಪರೀಕ್ಷೆ, ಎಂಆರ್‌ಐ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ, ಬೇಕಾದರೆ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ನೀರಿನ ಪರೀಕ್ಷೆ, ಎಲ್ಲವನ್ನೂ ಕೂಡಿಸಿ ನೋಡಬೇಕು. ನೆನಪಿನ ಪರೀಕ್ಷೆಗಳು ಕನ್ನಡದಲ್ಲೇ ಇವೆ, ಕೇಳಿ ಮಾಡಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾರ್ಮಲ್ ಅಂತ ಬಂದ ಮೇಲೆ ಮನೆಯವರು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ‘ರಿಪೋರ್ಟ್ ಸರಿ ಇದೆ, ಬೇಕಂತಲೇ ಮಾಡ್ತಾಳೆ’ ಅಂತ ಆ ತಾಯಿಯನ್ನು ಗದರುತ್ತಾರೆ. ಅವರಿಗೆ ಆ ಮಾತು ಅರ್ಥವಾಗುತ್ತದೆ, ನೋವೂ ಆಗುತ್ತದೆ. ಇನ್ನು ‘ಅರವತ್ತಕ್ಕೆ ಅರಳು ಮರಳು’ ಅನ್ನುವ ಮಾತು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸು. ಒಲೆ ಉರಿಯುತ್ತಿದೆ ಎಂಬುದೇ ಮತ್ತೆ ಮತ್ತೆ ಮರೆತರೆ ಅದು ವಯಸ್ಸಲ್ಲ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಅಲ್ಝೈಮರ್ ಇದ್ದವರಿಗೆ ಫಿಟ್ಸ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಕೈಕಾಲು ಸೆಳೆಯಲೇಬೇಕು ಅಂತಿಲ್ಲ. ಮಾತಿನ ನಡುವೆ ಒಂದು ನಿಮಿಷ ಶೂನ್ಯವಾಗಿ ನೋಡುವುದು, ಬಾಯಿ ಚಪ್ಪರಿಸುವುದು, ಆಮೇಲೆ ಏನೂ ನೆನಪಿಲ್ಲದಿರುವುದು ಕೂಡ ಫಿಟ್ಸ್ ಇರಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾವತ್ತೂ ಫಿಟ್ಸ್ ಬಾರದ 33 ಅಲ್ಝೈಮರ್ ರೋಗಿಗಳಿಗೆ ರಾತ್ರಿಯಿಡೀ ಇಇಜಿ ಹಾಕಿದರು, ಮೆದುಳಿನ ಕಾಂತ ಅಲೆಗಳನ್ನೂ ಅಳೆದರು. 14 ಜನರಲ್ಲಿ ಫಿಟ್ಸ್‌ನಂಥ ಚಟುವಟಿಕೆ ಸಿಕ್ಕಿತು. ಅಂಥವರ ತಿಳಿವು ಬೇಗ ಕುಸಿಯಿತು. ಫಿಟ್ಸ್‌ಗೆ ಔಷಧಿ ಇದೆ. ಇಇಜಿ ನಿಜವಾಗಿ ಕೈಹಿಡಿಯುವುದು ಇಲ್ಲಿ. ನಮ್ಮ ಅರ್ಧ ಗಂಟೆಯ ಇಇಜಿಯಲ್ಲಿ ಅದು ತಪ್ಪಿಹೋಗಬಹುದು, ಆಗ ನಿದ್ದೆಯ ಇಇಜಿ ಮಾಡಬೇಕಾಗುತ್ತದೆ.

ಹಾಗೇನಾದರೂ ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ದಿನ, ಹೊತ್ತು ಬರೆದಿಡಿ. ಡಾಕ್ಟರಿಗೆ ತೋರಿಸಿ, ನಿದ್ದೆಯ ಇಇಜಿ ಬೇಕೇ ಎಂದು ಕೇಳಿ. ಬೇಕು ಅಂದರೆ ಹಿಂದಿನ ದಿನ ಅಮ್ಮನಿಗೆ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕರೆತನ್ನಿ.