ಟಿಕೆಟ್ ಇಲ್ಲದೆ ಯಲಹಂಕ ವಾಯುನೆಲೆಯ ಹೊರಗೆ ನಿಂತು ವಿಮಾನ ನೋಡಬಹುದಾ?

ಪ್ರಶ್ನೆ: ನನ್ನ ಮಗನಿಗೆ ಯುದ್ಧವಿಮಾನ ಅಂದ್ರೆ ಪ್ರಾಣ. ಏರೋ ಇಂಡಿಯಾ ವಿಮಾನ ಪ್ರದರ್ಶನದ ಟಿಕೆಟ್ ಮನೆಮಂದಿಗೆಲ್ಲ ತೆಗೆಯೋಕೆ ಆಗಲ್ಲ. ಕಾಂಪೌಂಡ್ ಹೊರಗೆ ನಿಂತು ನೋಡಿದರೆ ತೊಂದರೆ ಆಗುತ್ತಾ? ಫೋಟೊ ತೆಗೆಯಬಹುದಾ?

ಧಾರಾಳವಾಗಿ ನೋಡಿ. ಆಕಾಶದಲ್ಲಿ ಹಾರುತ್ತಿರುವ ವಿಮಾನ ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರದರ್ಶನದ ದಿನ ಅದರ ಫೋಟೊ ತೆಗೆದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಕ್ಯಾಮೆರಾ ಮೇಲಕ್ಕೇ ಇರಲಿ, ಗೋಡೆಯಾಚೆಗೆ ತಿರುಗುವುದು ಬೇಡ. ಗೇಟು, ಕಾವಲು ಗೋಪುರ, ರೇಡಾರ್, ಒಳಗೆ ನಿಂತಿರುವ ವಿಮಾನ ಇವನ್ನೆಲ್ಲ ತೆಗೆಯಲೇಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ವಾಯುನೆಲೆ ‘ನಿಷೇಧಿತ ಸ್ಥಳ’. ದೇಶಕ್ಕೆ ಹಾನಿ ಮಾಡುವ ಉದ್ದೇಶದಿಂದ ಅದರ ನಕ್ಷೆ, ಚಿತ್ರ ಮಾಡಿದರೆ 14 ವರ್ಷದವರೆಗೆ ಜೈಲು. ನಿಮ್ಮ ಉದ್ದೇಶ ಅದಲ್ಲ, ನಿಜ. ಆದರೆ ಗೋಡೆಯ ಪಕ್ಕ ಉದ್ದನೆಯ ಲೆನ್ಸ್ ಹಿಡಿದವರ ಮನಸ್ಸಿನಲ್ಲೇನಿದೆ ಅಂತ ಕಾವಲಿನವರಿಗೆ ಹೇಗೆ ಗೊತ್ತಾಗಬೇಕು? ಅವರು ಬಂದು ಕೇಳಿದರೆ ವಾದ ಬೇಡ. ಫೋಟೊ ತೋರಿಸಿ, ಹೊರಡಿ ಅಂದರೆ ಹೊರಡಿ. ಪ್ರದರ್ಶನ ಇಲ್ಲದ ದಿನ ಯಾವ ವಿಮಾನ ಎಷ್ಟು ಹೊತ್ತಿಗೆ ಏರಿತು, ಇಳಿಯಿತು ಅಂತ ಫೋನಿನಲ್ಲಿ ಹಂಚಿಕೊಳ್ಳುವುದೂ ಬೇಡ.

ಇಷ್ಟು ಕಾನೂನಿನ ಮಾತು. ನನಗೆ ಇದಕ್ಕಿಂತ ಜಾಸ್ತಿ ಭಯ ರಸ್ತೆಯದು.

ಯಲಹಂಕದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅದರ ಪೂರ್ವದ ತುದಿಯಾಚೆಗೆ ಬಳ್ಳಾರಿ ರಸ್ತೆ. ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿಗಳೆಲ್ಲ ಅಲ್ಲೇ ಓಡುತ್ತವೆ. ಒಮ್ಮೆ ರಿಹರ್ಸಲ್ ದಿನ ಸರ್ವಿಸ್ ರಸ್ತೆಯಲ್ಲಿ ನಿಂತಿದ್ದೆ. ಸುಖೋಯ್ ಯುದ್ಧವಿಮಾನ ನೆತ್ತಿಯ ಮೇಲೆ ಬಂತು. ನನ್ನ ಮುಂದೆ ಬೈಕ್ ಓಡಿಸುತ್ತಿದ್ದ ಹುಡುಗ ಕತ್ತೆತ್ತಿ ನೋಡಿದ. ಮುಂದಿನ ಕಾರು ಬ್ರೇಕ್ ಹಾಕಿದ್ದು ಅವನಿಗೆ ಕಾಣಲೇ ಇಲ್ಲ. ಹೆಲ್ಮೆಟ್ ಇತ್ತು, ಮೊಣಕಾಲಿನ ಚರ್ಮ ಕಿತ್ತುಹೋಯಿತು ಅಷ್ಟೇ. ಫ್ಲೈಓವರ್ ಮೇಲೆ ಗಾಡಿ ನಿಲ್ಲಿಸಿ ಮಕ್ಕಳನ್ನು ತಡೆಗೋಡೆಯ ಮೇಲೆ ಕೂರಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ರನ್‌ವೇ ತುದಿಗೆ ನೇರವಾಗಿ ನಿಲ್ಲುವುದೂ ಬೇಡ. 2019ರ ಫೆಬ್ರವರಿ 19ರಂದು ರಿಹರ್ಸಲ್ ವೇಳೆ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪೈಲಟ್‌ಗಳು ಗಾಯಗೊಂಡರು. ಅವಶೇಷ ಬಿದ್ದದ್ದು ವಾಯುನೆಲೆಯ ಹೊರಗೆ, ಮನೆಗಳ ಹತ್ತಿರ. ಒಳಗಿನ ಪ್ರೇಕ್ಷಕರಿಗೂ ವಿಮಾನಗಳಿಗೂ ನಡುವೆ ಲೆಕ್ಕ ಹಾಕಿ ದೂರ ಇಟ್ಟಿರುತ್ತಾರೆ. ಹೊರಗೆ ನಮ್ಮ ದೂರ ನಾವೇ ಕಾಯ್ದುಕೊಳ್ಳಬೇಕು. ಏನಾದರೂ ಬಿದ್ದರೆ ಫೋನ್ ಹಿಡಿದು ಅದರ ಕಡೆ ಓಡಬೇಡಿ. 112ಕ್ಕೆ ಕರೆ ಮಾಡಿ, ದೂರ ಸರಿಯಿರಿ.

ಹಾಗಾದರೆ ಎಲ್ಲಿ ನಿಲ್ಲೋದು? ರನ್‌ವೇಗೆ ದಕ್ಷಿಣದಲ್ಲಿ, ಯಲಹಂಕ ಊರಿನ ಕಡೆ, ಪರಿಚಯದವರ ತಾರಸಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಬೆನ್ನಿಗೆ, ವಿಮಾನದ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಬೈನಾಕ್ಯುಲರ್ ಕೊಟ್ಟರೆ ಮಗನಿಗೆ ಮೊದಲೇ ಹೇಳಿ: ವಿಮಾನ ಸೂರ್ಯನ ಹತ್ತಿರ ಹೋದರೆ ಥಟ್ಟನೆ ಕಣ್ಣಿಂದ ಇಳಿಸಬೇಕು. ಒಂದು ಕ್ಷಣ ಸೂರ್ಯ ಒಳಗೆ ಬಂದರೂ ಕಣ್ಣಿಗೆ ಅಪಾಯ. ತಾರಸಿಗೆ ಎದೆಮಟ್ಟದ ಗೋಡೆ ಇರಲಿ, ನೀರಿನ ಟ್ಯಾಂಕ್ ಹತ್ತುವುದು ಬೇಡ.

ಇನ್ನೊಂದು ಗುಟ್ಟು. ಸದ್ದು ಬಂದ ಕಡೆ ನೋಡಿದರೆ ಅಲ್ಲಿ ವಿಮಾನ ಇರುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರ್ ಆಚೆಯಿಂದ ನಿಮ್ಮ ಕಿವಿಗೆ ಬರಲು ಮೂರು ಸೆಕೆಂಡ್ ಬೇಕು. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಸದ್ದಿಗಿಂತ ಮುಂದಕ್ಕೆ ಹುಡುಕಿ. ಇದು ಗೊತ್ತಾದ ಮೇಲೆ ಮಕ್ಕಳು ದೊಡ್ಡವರಿಗಿಂತ ಮೊದಲೇ ವಿಮಾನ ತೋರಿಸುತ್ತಾರೆ.

ಎಂಜಿನ್ನಿಗೆ ಹೆಚ್ಚುವರಿ ಬಲ ಕೊಡುವ ಆಫ್ಟರ್‌ಬರ್ನರ್ ಹಾಕಿದಾಗಿನ ಸದ್ದು ಎದೆಯೊಳಗೆ ಗುಡುಗಿದ ಹಾಗಿರುತ್ತದೆ. ನಿಂತ ಕಾರುಗಳ ಅಲಾರ್ಮ್ ತಾನಾಗೇ ಕೂಗಿಕೊಳ್ಳುವುದೂ ಉಂಟು. ಮಗನಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿಸಿ. ಕೈಕೂಸಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಟೋಪಿ, ನೀರು ಮರೆಯಬೇಡಿ. 2024ರ ಅಕ್ಟೋಬರ್‌ನಲ್ಲಿ ಚೆನ್ನೈ ಮರೀನಾ ಬೀಚಿನ ಏರ್‌ಶೋಗೆ ಬಂದವರಲ್ಲಿ ಐದು ಜನ ತೀರಿಕೊಂಡರು. ವಿಮಾನಗಳಿಗೆ ಏನೂ ಆಗಿರಲಿಲ್ಲ. ಬಿಸಿಲು ಮತ್ತು ನೂಕುನುಗ್ಗಲು ಅಷ್ಟು ಮಾಡಿತು.

ತಂದ ತಿಂಡಿಯ ಕತೆಯೂ ಸಣ್ಣದಲ್ಲ. ಬಿರಿಯಾನಿ ಪೊಟ್ಟಣ ಎಸೆದ ಐದೇ ನಿಮಿಷಕ್ಕೆ ಹದ್ದುಗಳು ಸುತ್ತತೊಡಗುತ್ತವೆ. ಒಂದು ಹದ್ದು ಎಂಜಿನ್ನಿಗೆ ಸಿಕ್ಕರೆ ಪೈಲಟ್ ಜೀವಕ್ಕೇ ಕುತ್ತು. ಇದಕ್ಕೇ 2023ರಲ್ಲಿ ಏರೋ ಇಂಡಿಯಾ ಸಮಯದಲ್ಲಿ 10 ಕಿ.ಮೀ. ಸುತ್ತ ಮಾಂಸ ಮಾರಾಟ ನಿಲ್ಲಿಸಿದ್ದರು. ಅಂಗಡಿಯವರು ವ್ಯಾಪಾರ ಬಿಟ್ಟು ಸಹಕರಿಸುತ್ತಾರೆ, ನಾವು ಕಸ ಚೀಲಕ್ಕೆ ಹಾಕಿ ಮನೆಗೆ ಒಯ್ಯಲಾರೆವಾ? ಗಾಳಿಪಟ, ಲೇಸರ್ ಲೈಟ್ ಕೂಡ ತರಬೇಡಿ. ಡ್ರೋನ್ ಅಂತೂ ಸುತರಾಂ ಬೇಡ. ವಾಯುನೆಲೆಯ ಸುತ್ತ ರೆಡ್ ಝೋನ್, ಅಂದರೆ ಡ್ರೋನ್ ನಿರ್ಬಂಧಿತ ವಲಯ. ಅಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಹಾರಿಸುವಂತಿಲ್ಲ.

ಮುಂದೆ ಎಂದಾದರೂ ಒಂದೇ ಟಿಕೆಟ್‌ಗೆ ದುಡ್ಡು ಹೊಂದಿದರೆ, ಹಾರಾಟ ಮಾತ್ರ ನೋಡುವ ಅಂಗಳದ ಟಿಕೆಟ್ ತೆಗೆದುಕೊಳ್ಳಿ. 2025ರಲ್ಲಿ ಅದಕ್ಕೆ 1000 ರೂಪಾಯಿ ಇತ್ತು. ಅಲ್ಲಿವರೆಗೆ ಪ್ರದರ್ಶನಕ್ಕೆ ಎರಡು ಮೂರು ದಿನ ಮುಂಚಿನ ರಿಹರ್ಸಲ್‌ಗೆ ಬನ್ನಿ. ಜನ ಕಡಿಮೆ, ಕಸರತ್ತು ಹೆಚ್ಚೂಕಡಿಮೆ ಅವೇ.