ಜರ್ಮನ್ ಶೆಫರ್ಡ್‌ನ ಹಿಂಗಾಲು ಮತ್ತು ಆನುವಂಶಿಕ ಕಾಯಿಲೆಗಳು: ಪಶುಸಂಗೋಪನೆ ಓದುತ್ತಿರುವವರಿಗೆ ಟಿಪ್ಪಣಿ

ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ರೈಸ್ ಮಿಲ್ಲುಗಳ ಅಂಗಳದಲ್ಲಿ ಕಾವಲಿಗೆ ಕಟ್ಟುವ ದೊಡ್ಡ ನಾಯಿಗಳಲ್ಲಿ ಜರ್ಮನ್ ಶೆಫರ್ಡ್ ನಮಗೆಲ್ಲ ಪರಿಚಿತವಾದ ತಳಿ. ಹಿರಿಯರು ಇದನ್ನು ಇಂದಿಗೂ ಅಲ್ಸೇಶಿಯನ್ ಎಂದೇ ಕರೆಯುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಹೆಸರನ್ನು ಉಚ್ಚರಿಸುವುದೇ ಬೇಡವೆಂದು ಬ್ರಿಟನ್ನಿನಲ್ಲಿ ಇಟ್ಟ ಹೆಸರದು, ಅಲ್ಲಿನ ಕೆನಲ್ ಕ್ಲಬ್ 1977ರಲ್ಲಿ ಮೂಲ ಹೆಸರಿಗೆ ಮರಳಿತು. ತಳಿಯ ವಂಶಾವಳಿಯು 1899ರಲ್ಲಿ ಈ ತಳಿಯನ್ನು ಕಟ್ಟಿದ ಜರ್ಮನ್ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಕೊಂಡುಕೊಂಡ ಹೊರಾಂಡ್ ಎಂಬ ಒಂದು ಗಂಡುನಾಯಿಯಿಂದ ದಾಖಲಾಗುತ್ತ ಬಂದಿದೆ. ಮೆಚ್ಚಿದ ಕೆಲವೇ ಗಂಡುಗಳನ್ನು ಮತ್ತೆ ಮತ್ತೆ ಬಳಸಿ ತಳಿ ಕಟ್ಟಿದಾಗ ಒಳ್ಳೆಯ ಗುಣಗಳ ಜೊತೆಗೆ ದೋಷಗಳೂ ಗಟ್ಟಿಯಾಗುತ್ತವೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನಾವು ಪರೀಕ್ಷೆಯಲ್ಲಿ ತಪ್ಪುವುದು ಕಾಯಿಲೆಗಳ ಹೆಸರಿನಲ್ಲಲ್ಲ, 'ಆನುವಂಶಿಕ' ಎಂಬ ಪದವನ್ನು ಒಂದೇ ಅರ್ಥದಲ್ಲಿ ಓದುವುದರಲ್ಲಿ. ನಾನೂ ಹಾಗೆಯೇ ತಪ್ಪಿದ್ದೇನೆ. ತರಬೇತಿಯ ದಿನಗಳಲ್ಲಿ ಹತ್ತು ವರ್ಷದ ಒಂದು ನಾಯಿ ಹಿಂಗಾಲು ಎಳೆಯುತ್ತ ಬಂದಾಗ, ತಳಿಯನ್ನು ನೋಡಿದ ಕೂಡಲೇ ಸೊಂಟದ ಕೀಲಿನ ದೋಷವೆಂದು ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಡಾಕ್ಟರು ಏನೂ ಹೇಳದೆ ನಾಯಿಯ ಹಿಂಪಾದವನ್ನು ಮಡಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಆರೋಗ್ಯವಂತ ನಾಯಿ ಕ್ಷಣಾರ್ಧದಲ್ಲಿ ಪಾದವನ್ನು ತಿರುಗಿಸಿಕೊಳ್ಳುತ್ತದೆ. ಇದು ಹಾಗೆಯೇ ನಿಂತಿತ್ತು. ಕೀಲನ್ನು ಹಿಂದಕ್ಕೆ ಚಾಚಿದರೂ ನೋವಿನ ಸುಳಿವಿರಲಿಲ್ಲ. ತೊಂದರೆ ಇದ್ದದ್ದು ಕೀಲಿನಲ್ಲಲ್ಲ, ಬೆನ್ನುಹುರಿಯಲ್ಲಿ.

ಮೊದಲು ಸೊಂಟದ ಕೀಲಿನ ದೋಷವನ್ನು, ಅಂದರೆ ಹಿಪ್ ಡಿಸ್‌ಪ್ಲೇಸಿಯಾವನ್ನು ನೋಡೋಣ. ಮರಿ ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ. ಬೆಳೆಯುವ ತಿಂಗಳುಗಳಲ್ಲಿ ಕೀಲನ್ನು ಹಿಡಿದಿಡುವ ಅಂಗಾಂಶ ಸಡಿಲವಾಗಿ, ತೊಡೆಮೂಳೆಯ ದುಂಡನೆಯ ತುದಿ ತನ್ನ ಗುಣಿಯಲ್ಲಿ ಬಿಗಿಯಾಗಿ ಕೂರದೆ ಅಲುಗಾಡುತ್ತದೆ. ಗುಣಿ ಆಳವಾಗುವುದಿಲ್ಲ, ಮೃದ್ವಸ್ಥಿ ಸವೆಯುತ್ತದೆ, ಕೊನೆಗೆ ಸಂಧಿವಾತ ಸೇರಿಕೊಳ್ಳುತ್ತದೆ. ಆದ್ದರಿಂದ ಲಕ್ಷಣಗಳು ಎರಡು ವಯಸ್ಸಿನಲ್ಲಿ ಕಾಣುತ್ತವೆ: ನಾಲ್ಕರಿಂದ ಹನ್ನೆರಡು ತಿಂಗಳ ಮರಿಯಲ್ಲಿ ಸಡಿಲತೆಯಿಂದ, ವಯಸ್ಸಾದ ನಾಯಿಯಲ್ಲಿ ಸವೆತದಿಂದ. ಮರಿ ಓಡುವಾಗ ಎರಡೂ ಹಿಂಗಾಲುಗಳನ್ನು ಮೊಲದಂತೆ ಜೊತೆಯಾಗಿ ಹಾಕುತ್ತದೆ, ಮಲಗಿದಲ್ಲಿಂದ ಏಳಲು ತಿಣುಕುತ್ತದೆ, ಮೆಟ್ಟಿಲು ಕಂಡರೆ ಹಿಂಜರಿಯುತ್ತದೆ, ತೊಡೆಯ ಮಾಂಸ ಕರಗುತ್ತದೆ. ಎಕ್ಸ್‌ರೇಯಲ್ಲಿ ಕೆಟ್ಟದಾಗಿ ಕಾಣುವ ಕೀಲಿನ ನಾಯಿ ಚೆನ್ನಾಗಿ ಓಡಾಡುತ್ತಿರಬಹುದು ಎಂಬುದನ್ನೂ ಮರೆಯಬಾರದು.

ಈ ದೋಷದ ಹಿಂದೆ ಒಂದು ಜೀನ್ ಇಲ್ಲ, ಹಲವಾರು ಜೀನ್‌ಗಳಿವೆ, ಅವುಗಳ ಜೊತೆಗೆ ಸಾಕಣೆಯ ಕ್ರಮವೂ ಕೈಜೋಡಿಸುತ್ತದೆ. ಹೀಗಾಗಿಯೇ ಒಳ್ಳೆಯ ಕೀಲಿನ ತಂದೆ-ತಾಯಿಗೂ ದೋಷವಿರುವ ಮರಿ ಹುಟ್ಟುತ್ತದೆ, ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಲು ಬರುವುದಿಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಪದ್ಧತಿಯಲ್ಲಿ ಎಕ್ಸ್‌ರೇ ನೋಡಿ ಕೀಲಿಗೆ ಎ ಇಂದ ಇ ವರೆಗೆ ದರ್ಜೆ ಕೊಡುತ್ತಾರೆ. ಎ ಎಂದರೆ ದೋಷವಿಲ್ಲ, ಇ ಎಂದರೆ ತೀವ್ರ ದೋಷ. ಅಮೆರಿಕದ ಪದ್ಧತಿಯಲ್ಲಿ ಅಂತಿಮ ದರ್ಜೆಗೆ 24 ತಿಂಗಳು ತುಂಬಬೇಕು.

ಸಾಕಣೆಯ ಪಾಲು ಎಷ್ಟು ದೊಡ್ಡದೆಂದು ತಿಳಿಯಲು, ಬೇರೆ ತಳಿಯದಾದರೂ, ಒಂದು ಅಧ್ಯಯನವನ್ನು ಗುರುತಿಟ್ಟುಕೊಳ್ಳಿ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ನೋಡಿದರು. ಕಡಿಮೆ ತಿಂದ ಗುಂಪಿನಲ್ಲಿ ಸೊಂಟದ ಸಂಧಿವಾತ ತಡವಾಗಿ, ಕಡಿಮೆಯಾಗಿ ಬಂತು. ಅವುಗಳ ಮಧ್ಯಾಂಕ ಆಯುಷ್ಯವೂ ಸುಮಾರು 1.8 ವರ್ಷ ಹೆಚ್ಚಿತ್ತು. ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಮೂರು ತಿಂಗಳ ಒಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ದೋಷ ಹೆಚ್ಚಾಗಿಯೂ, ಹೊರಗಿನ ಮೆತ್ತನೆಯ ನೆಲದಲ್ಲಿ ಆಡಿದ ಮರಿಗಳಲ್ಲಿ ಕಡಿಮೆಯಾಗಿಯೂ ಕಂಡಿತು. ನಮ್ಮ ಕಡೆ ಆಗುವುದು ಬಹುಮಟ್ಟಿಗೆ ಇದರ ತಿರುವುಮುರುವು. ಮಾರ್ಚ್‌ನಿಂದ ಜೂನ್‌ವರೆಗೆ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವಾಗ ನಾಯಿ ದಿನವಿಡೀ ನುಣ್ಣನೆಯ ಗ್ರಾನೈಟ್ ನೆಲದ ಮೇಲೆ ಬಿದ್ದಿರುತ್ತದೆ, ತಿರುಗಾಟ ನಿಲ್ಲುತ್ತದೆ, ಊಟ ಮಾತ್ರ ಹಾಗೆಯೇ ನಡೆಯುತ್ತದೆ. ಅದರ ಮೇಲೆ, ಮೂಳೆ ಗಟ್ಟಿಯಾಗಲಿ ಎಂದು ಮರಿಗೆ ಕ್ಯಾಲ್ಸಿಯಂ ಸಿರಪ್ ಕುಡಿಸುವವರಿದ್ದಾರೆ. ದೊಡ್ಡ ತಳಿಯ ಎಳೆಯ ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ; ಸಮತೋಲನದ ಆಹಾರ ತಿನ್ನುವ ಮರಿಗೆ ಆ ಸಿರಪ್ಪು ಮೂಳೆ-ಕೀಲುಗಳ ಬೆಳವಣಿಗೆಯನ್ನೇ ಕೆಡಿಸಬಲ್ಲದು. ಮನೆಯವರಿಗೆ ಈ ಮಾತನ್ನು ಒಪ್ಪಿಸುವುದು ಎಕ್ಸ್‌ರೇ ತೆಗೆಸುವುದಕ್ಕಿಂತ ಕಷ್ಟದ ಕೆಲಸ.

ನಾನು ಗುರುತಿಸದೆ ಹೋದ ಆ ಎರಡನೆಯ ಕಾಯಿಲೆಯ ಹೆಸರು ಡಿಜೆನರೇಟಿವ್ ಮೈಲೋಪತಿ, ಅಂದರೆ ಬೆನ್ನುಹುರಿ ಕ್ರಮೇಣ ನಶಿಸುತ್ತ ಹೋಗುವುದು. ಇದು ಸಾಮಾನ್ಯವಾಗಿ ಎಂಟು ವರ್ಷದ ನಂತರ, ನೋವಿಲ್ಲದೆ, ಒಂದು ಹಿಂಗಾಲಿನ ತಡವರಿಕೆಯಿಂದ ಶುರುವಾಗುತ್ತದೆ. ನಡೆಯುವಾಗ ಉಗುರು ನೆಲಕ್ಕೆ ಕೆರೆಯುವ ಸದ್ದು ಕೇಳುತ್ತದೆ; ಉಗುರುಗಳ ಮೇಲ್ಭಾಗ ಸವೆದಿರುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬಹಳಷ್ಟು ನಾಯಿಗಳು ಹಿಂಗಾಲಿನ ಮೇಲೆ ನಿಲ್ಲಲಾರದ ಸ್ಥಿತಿಗೆ ಬರುತ್ತವೆ. ಎಸ್‌ಒಡಿ1 ಎಂಬ ಜೀನ್‌ನಲ್ಲಿನ ಬದಲಾವಣೆ ಇದಕ್ಕೆ ಸಂಬಂಧಿಸಿದೆ ಎಂದು 2009ರಲ್ಲಿ ಪ್ರಕಟವಾಯಿತು. ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ, ಮನುಷ್ಯರ ಎಎಲ್‌ಎಸ್ ರೋಗದ ಕೆಲವು ಪ್ರಕರಣಗಳಲ್ಲಿಯೂ ಇದೇ ಜೀನ್ ಕೆಟ್ಟಿರುತ್ತದೆ. ಇಲ್ಲಿ ಗುಣ ದುರ್ಬಲ ಬಗೆಯದು, ಅಂದರೆ ತಂದೆಯಿಂದೊಂದು ತಾಯಿಯಿಂದೊಂದು ಎರಡು ದೋಷಯುಕ್ತ ಪ್ರತಿಗಳು ಬಂದರೆ ಅಪಾಯ. ಇಬ್ಬರೂ ವಾಹಕರಾದರೆ, ಅಂದರೆ ಒಂದೊಂದೇ ದೋಷಯುಕ್ತ ಪ್ರತಿ ಹೊತ್ತಿದ್ದರೆ, ಪ್ರತಿ ಮರಿಗೂ ಎರಡು ಪ್ರತಿ ಸಿಗುವ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50. ವಾಹಕವನ್ನು ಶುದ್ಧ ಪ್ರತಿಗಳಿರುವ ನಾಯಿಯೊಂದಿಗೆ ಕ್ರಾಸ್ ಮಾಡಿಸಿದರೆ ಎರಡು ಪ್ರತಿಯ ಮರಿ ಹುಟ್ಟುವುದಿಲ್ಲ. ಆದ್ದರಿಂದ ವಾಹಕಗಳನ್ನೆಲ್ಲ ಹೊರಹಾಕಬೇಕೆಂಬ ಆತುರವನ್ನು ನಾನು ಒಪ್ಪುವುದಿಲ್ಲ, ಮೊದಲೇ ಕಿರಿದಾದ ವಂಶವನ್ನು ಅದು ಇನ್ನಷ್ಟು ಕಿರಿದು ಮಾಡುತ್ತದೆ. ಎರಡು ಪ್ರತಿ ಇದ್ದೂ ಕಾಯಿಲೆ ಬಾರದ ನಾಯಿಗಳಿವೆ. ಡಿಎನ್‌ಎ ಪರೀಕ್ಷೆ ಅಪಾಯವನ್ನಷ್ಟೇ ತಿಳಿಸುತ್ತದೆ, ಖಚಿತ ನಿರ್ಣಯ ಸತ್ತ ಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ಮೂರನೆಯ ಬಗೆ ಲಿಂಗ ಸಂಬಂಧಿತವಾದದ್ದು: ಹಿಮೋಫಿಲಿಯಾ ಎ. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಕಾಯಿಲೆ ಬಹುತೇಕ ಗಂಡುಮರಿಗಳಲ್ಲೇ ಕಾಣುತ್ತದೆ. ಕಾಯಿಲೆ ಸೌಮ್ಯವಾಗಿರುವ ಗಂಡೊಂದನ್ನು ದೋಷವಿಲ್ಲದ ಹೆಣ್ಣಿನೊಂದಿಗೆ ಕ್ರಾಸ್ ಮಾಡಿಸಿದರೆ ಅದರ ಗಂಡುಮರಿಗಳಿಗೆ ಏನೂ ಬಾರದು, ಹೆಣ್ಣುಮರಿಗಳೆಲ್ಲ ವಾಹಕಗಳಾಗುತ್ತವೆ. ದೋಷ ಬಯಲಾಗುವುದು ಮೊಮ್ಮಕ್ಕಳ ಕಾಲಕ್ಕೆ. ಇಂಜೆಕ್ಷನ್ ಕೊಡುವವರು ನಾವೇ ಆದ್ದರಿಂದ, ಲಸಿಕೆ ಚುಚ್ಚಿದಲ್ಲಿ ರಕ್ತ ಸೇರಿ ದೊಡ್ಡ ಬಾವು ಬಂದರೆ, ಹಲ್ಲು ಬೀಳುವಾಗ ರಕ್ತ ನಿಲ್ಲದಿದ್ದರೆ ಇದನ್ನು ನೆನೆಯಬೇಕು.

ಉಳಿದ ಎರಡನ್ನು ಚಿಕ್ಕದಾಗಿ ಹೇಳುತ್ತೇನೆ. ಮೇದೋಜೀರಕ ಗ್ರಂಥಿಯ ಜೀರ್ಣರಸ ನಿಂತುಹೋಗುವ ಕಾಯಿಲೆಯಲ್ಲಿ ಎಳೆ ವಯಸ್ಸಿನ ನಾಯಿ ಎಷ್ಟು ತಿಂದರೂ ಸೊರಗುತ್ತದೆ, ಮಲ ರಾಶಿಯಾಗಿ, ಬಿಳಿಚಿಕೊಂಡು, ಜಿಡ್ಡಾಗಿರುತ್ತದೆ; ಜಂತಿನ ಮಾತ್ರೆ ಮೂರು ಸಲ ಕೊಟ್ಟರೂ ಮೈ ಹಿಡಿಯದಿದ್ದರೆ ಈ ಗ್ರಂಥಿಯ ಕಿಣ್ವವನ್ನು ರಕ್ತದಲ್ಲಿ ಅಳೆಯುವ ಟಿಎಲ್‌ಐ ಪರೀಕ್ಷೆಯ ಕಡೆ ಯೋಚಿಸಬೇಕು, ಏಕೆಂದರೆ ಊಟದೊಡನೆ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ಇಂಥ ನಾಯಿಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಇನ್ನೊಂದು ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವುದು. ಇಲ್ಲಿ ಆನುವಂಶಿಕವಾಗಿ ಬರುವುದು ಆಳವಾದ ಎದೆಗೂಡು ಮತ್ತು ಒಲವು ಮಾತ್ರ. ದಿನದ ಊಟವನ್ನೆಲ್ಲ ರಾತ್ರಿ ಒಂದೇ ಸಲ ಸುರಿಯುವ ರೂಢಿ ಆ ಒಲವಿಗೆ ಇಂಬು ಕೊಡುತ್ತದೆ, ಎರಡು ಹೊತ್ತು ಹಂಚಿ ಹಾಕುವುದು ಲೇಸು. ನಾಯಿ ವಾಂತಿಗೆ ಪ್ರಯತ್ನಿಸಿ ಏನೂ ಬಾರದೆ, ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಶಸ್ತ್ರಚಿಕಿತ್ಸೆ ಸಿಗುವ ಊರಿಗೆ ಆ ಗಳಿಗೆಯಲ್ಲೇ ಗಾಡಿ ಹೊರಡಬೇಕು.