ಪೆಟ್ಟು ಬೀಳದೆ ಕಣ್ಣು ಮುಂದಕ್ಕೆ ಬಂದರೆ

ರಾತ್ರಿ ಚೆನ್ನಾಗಿಯೇ ಮಲಗಿದ್ದ ಅಜ್ಜಿಗೆ ಬೆಳಗ್ಗೆ ಒಂದು ಕಣ್ಣಿನ ಹಿಂದೆ ನೋವು. ಗುಡ್ಡೆ ಮುಂದಕ್ಕೆ ಬಂದಿದೆ, ಮೇಲೆ ನೋಡಿದರೆ ದೀಪ ಎರಡಾಗಿ ಕಾಣುತ್ತದೆ. ಪೆಟ್ಟು ಬಿದ್ದಿಲ್ಲ, ಜ್ವರವಿಲ್ಲ. ಇದನ್ನು ಉಷ್ಣವೆಂದು ಹರಳೆಣ್ಣೆ ಹಚ್ಚಿ, ಶಾಖ ಕೊಟ್ಟು ಎರಡು ದಿನ ಕಾಯಬೇಡಿ. ಶಾಖದಿಂದ ರಕ್ತ ಇನ್ನಷ್ಟು ಒಸರಬಹುದು.

ಹೌದು, ರಕ್ತವೇ. ಕಣ್ಣನ್ನು ಹೊರಳಿಸುವ 6 ಸ್ನಾಯುಗಳಲ್ಲಿ ಒಂದರೊಳಗೆ ಅದು ತಾನಾಗಿ ಒಸರಿರುತ್ತದೆ. ಅಪರೂಪದ ತೊಂದರೆ ಇದು. ಕಾಣುವುದು ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ, ಗುಡ್ಡೆಯ ಕೆಳಗಿನ ಸ್ನಾಯುವಿನಲ್ಲಿ. ಕಣ್ಣಿನ ಗೂಡು ಸುಮಾರು 30 ಮಿ.ಲೀ. ಜಾಗ, ಸುತ್ತ ಎಲುಬು. ಒಳಗೆ ರಕ್ತ ತುಂಬಿದರೆ ಗುಡ್ಡೆಗೆ ಮುಂದೆ ಸರಿಯದೆ ದಾರಿಯಿಲ್ಲ. ಬಿಳಿಗುಡ್ಡೆಯ ಮೇಲೆ ನೋವಿಲ್ಲದೆ ಮೂಡುವ ಕೆಂಪು ಮಚ್ಚೆ ಬೇರೆ; ಅದು ಒಂದೆರಡು ವಾರದಲ್ಲಿ ಕರಗುತ್ತದೆ.

ಮುಖ್ಯ ಪ್ರಶ್ನೆ: ನೋಟದ ನರ ಒತ್ತಿಹೋಗಿದೆಯೇ? ಒಂದೊಂದೇ ಕಣ್ಣು ಮುಚ್ಚಿ ಬೆರಳು ಎಣಿಸಲು ಹೇಳಿ. ನಮ್ಮ ಕಡೆ ಯಾರ ಮನೆಯಲ್ಲೂ ಇರುವ ಒಣ ಮೆಣಸಿನಕಾಯಿ ಹಿಡಿದು ತೋರಿಸಿ. ಕೆಂಪು ಆ ಕಣ್ಣಿಗೆ ಮಾಸಿದಂತೆ ಕಂಡರೆ ನರಕ್ಕೆ ತೊಂದರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟಾರ್ಚನ್ನು ಒಳ್ಳೆಯ ಕಣ್ಣಿನಿಂದ ಈ ಕಣ್ಣಿಗೆ ಸರಿಸಿ ನೋಡಬೇಕು. ಪಾಪೆ ಕುಗ್ಗುವ ಬದಲು ಹಿಗ್ಗಿದರೆ ತಡಮಾಡುವಂತಿಲ್ಲ. ಸ್ಕ್ಯಾನಿಗೂ ಕಾಯದೆ, ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ರೆಪ್ಪೆಯ ಹೊರಮೂಲೆ ಕತ್ತರಿಸಿ, ಕೆಳರೆಪ್ಪೆಯ ಕಟ್ಟು ಬಿಡಿಸಿ ಒತ್ತಡ ಇಳಿಸಬೇಕಾಗುತ್ತದೆ. ಒಂದೂವರೆ-ಎರಡು ಗಂಟೆ ಮೀರಿದರೆ ಹೋದ ನೋಟ ಮರಳುವುದು ಕಷ್ಟ. ಸಿರುಗುಪ್ಪ, ಸಿಂಧನೂರು, ಕುಷ್ಟಗಿಯಂಥ ಊರಿನವರು ಹೊರಡುವ ಮೊದಲೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ.

ನೋಟ ಸರಿಯಿದ್ದರೆ ಸ್ಕ್ಯಾನ್ ಮಾಡುತ್ತಾರೆ; ಅದರಲ್ಲಿ ಒಂದೇ ಸ್ನಾಯು ಊದಿರುವುದು ಕಾಣುತ್ತದೆ. ಥೈರಾಯ್ಡ್ ತೊಂದರೆಯಿಂದ ಕಣ್ಣು ಮುಂದಕ್ಕೆ ಬರುವುದಾದರೆ ಅದು ನಿಧಾನವಾಗಿ, ಹೆಚ್ಚಾಗಿ ಎರಡೂ ಕಡೆ ಬರುತ್ತದೆ. ಶುಗರ್ ಇದ್ದವರಲ್ಲಿ ಸೈನಸ್‌ನಿಂದ ಹಬ್ಬಿದ ಕಪ್ಪು ಫಂಗಸ್ ಅಲ್ಲವೆಂದು ಮೊದಲು ಖಚಿತವಾಗಲೇಬೇಕು.

ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಖಂಡಿತ ಬೇಡ. ಮಾತ್ರೆಯ ಸ್ಟ್ರಿಪ್ ತನ್ನಿ. ಅದು ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪರೀಕ್ಷೆ) ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ನೋವಿಗೆ ಪ್ಯಾರಸಿಟಮಾಲ್ ಸಾಕು, ಡೈಕ್ಲೋಫೆನಾಕ್ ಬೇಡ. ಎರಡು ದಿಂಬಿನ ಮೇಲೆ ತಲೆಯಿಟ್ಟು ಮಲಗಲಿ. ಗುಡ್ಡೆ ಒತ್ತದಂತೆ ತಣ್ಣನೆ ಬಟ್ಟೆ 10 ನಿಮಿಷ ಇಡಿ. ಮೂಗು ಸೀನಿ ತೆಗೆಯುವುದು, ಶೌಚಕ್ಕೆ ತಿಣುಕುವುದು, ಕೊಡ ಎತ್ತುವುದು ಬೇಡ. ಎರಡೆರಡು ಕಂಡರೆ ಒಂದು ಕಣ್ಣು ಮುಚ್ಚಿಕೊಂಡು ನಡೆಯಲಿ.

ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು-ಮೂರು ತಿಂಗಳೊಳಗೆ ರಕ್ತ ಕರಗುತ್ತದೆ. ಆಮೇಲೂ ಊತ ಉಳಿದರೆ ಸ್ಕ್ಯಾನ್ ಮತ್ತೆ ಮಾಡಿಸಬೇಕು, ಏಕೆಂದರೆ ಕೆಲವು ಗಡ್ಡೆಗಳೂ ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತವೆ.